ಹತ್ತನೇ ಗ್ರೇಡು

ಆ ಮನೆಯಲ್ಲಿ ಎಲ್ಲದಕ್ಕೂ ಒಂದು ಗ್ರೇಡು ಇತ್ತು. ಬೆಳಗಿನ ಚಹಾ ಮೂರನೇ ಗ್ರೇಡು, ಬಚ್ಚಲಿನ ನಲ್ಲಿ ರಿಪೇರಿ ಮಾಡಿಹೋದವನು ಎಂಟನೇ ಗ್ರೇಡು, ಎದುರು ಮನೆಯವರ ಹೊಸ ಗೇಟು ಹೆಚ್ಚೆಂದರೆ ಆರು. ಗ್ರೇಡು ಕೊಡುತ್ತಿದ್ದವರು ಮಾವ. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇತ್ ಮಷಿನ್ನಿನ ಮುಂದೆ ನಿಂತು ಇಡೀ ಜೀವಮಾನ ಕಬ್ಬಿಣ ಕಡೆದವರು ಅವರು. ಅಲ್ಲಿ ಹೊಸದಾಗಿ ಸೇರಿದ ಹೆಲ್ಪರ್ ಹತ್ತನೇ ಗ್ರೇಡು. ಎಣ್ಣೆ ಒರೆಸುತ್ತ, ಬೈಸಿಕೊಳ್ಳುತ್ತ, ಒಂಬತ್ತು, ಎಂಟು, ಏಳು ಎಂದು ಮೇಲೆ ಬರಬೇಕು. ಒಂದನೇ ಗ್ರೇಡು ಮುಟ್ಟಿದವರು ಆ ಶೆಡ್ಡಿನಲ್ಲಿ ಇಬ್ಬರೋ ಮೂವರೋ. ಮಾವ ಅವರಲ್ಲೊಬ್ಬರು. ನಿವೃತ್ತಿಯಾದ ಮೇಲೂ ಗ್ರೇಡು ಅವರನ್ನು ಬಿಡಲಿಲ್ಲ; ಅಥವಾ ಅವರು ಅದನ್ನು ಬಿಡಲಿಲ್ಲ.

ಸೊಸೆಗೆ ಇದು ಹಳೆಯ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಈರುಳ್ಳಿ ಹೆಚ್ಚುವಿಕೆಗೆ ಒಂಬತ್ತು ಸಿಕ್ಕಿತ್ತು. ಈಗ ಐದಕ್ಕೆ ಬಂದು ನಿಂತಿತ್ತು.

ಬೀದಿಯ ತಿರುವಿನ ಕ್ಷೌರದಂಗಡಿಯವನು ಅಂಗಡಿ ಮುಚ್ಚಿ ಮಗಳ ಊರಿಗೆ ಹೋದ ಮೇಲೆ ಮಾವನಿಗೆ ಚದುರಂಗಕ್ಕೆ ಜೊತೆ ತಪ್ಪಿತು. ಆಟದ ಮರದ ಹಾಸು ಬೀರುವಿನ ಮೇಲೆ ಧೂಳು ತಿನ್ನತೊಡಗಿತು. ಮಾವ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಕುಕ್ಕರಿನ ಸೀಟಿಗೂ ಗ್ರೇಡು ಕೊಡತೊಡಗಿದರು. ಇದನ್ನು ನೋಡಲಾರದೆ ಮೊಮ್ಮಗಳು ಪುಟ್ಟಿ, ತನ್ನ ಕಾಲೇಜಿನಲ್ಲಿ ಮೂಲೆಗೆ ಹಾಕಿದ್ದ ಕಂಪ್ಯೂಟರೊಂದನ್ನು ಕೇಳಿ ತಂದು, ನಡುಮನೆಯ ಮೇಜಿನ ಮೇಲಿಟ್ಟು, ಅದರೊಳಗೆ ಚದುರಂಗ ಹಾಕಿಕೊಟ್ಟಳು.

ಹೊಸ ಮಷಿನ್ನಿನ ಮುಂದೆ ಮಾವ ಮೊದಲು ಮಾಡಿದ್ದು ಕೈ ತೊಳೆದುಕೊಂಡು ಬಂದದ್ದು. ಆಮೇಲೆ ಯಾವ ಹಿಡಿಕೆ ಯಾವುದಕ್ಕೆ ಎಂದು ಕೇಳಿದರು. ಪುಟ್ಟಿ ಪರದೆಯ ಬಲಗಡೆಯ ಗುಂಡಿಗಳನ್ನು ಒಂದೊಂದಾಗಿ ತೋರಿಸಿದಳು. ಹಿಂದಕ್ಕೆ ತಿರುಗಿದ ಬಾಣ ಒತ್ತಿದರೆ ನಡೆಸಿದ ಕಾಯಿ ವಾಪಸ್ಸು ಬರುತ್ತದೆ. ಬಲ್ಬಿನ ಚಿತ್ರ ಒತ್ತಿದರೆ ಒಳ್ಳೆಯ ನಡೆ ಯಾವುದೆಂದು ಹೇಳುತ್ತದೆ. ಬಿಳಿ ಬಾವುಟ ಒತ್ತಿದರೆ ಸೋಲು ಒಪ್ಪಿಕೊಂಡಂತೆ. ಕೆಳಗೊಂದು ಅಡ್ಡಪಟ್ಟಿ, ಈ ತುದಿಗೆ ಒಂದು, ಆ ತುದಿಗೆ ಹತ್ತು, ನಡುವೆ ಎಳೆದಾಡುವ ಮಣಿ. ಅದರ ವಿಷಯಕ್ಕೆ ಬರುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದರು.

"ಗ್ರೇಡಿನ ವಿಷಯ ನಂಗೆ ಹೇಳ್ಕೊಡ್ತೀಯಾ?" ಎಂದು ಮಣಿಯನ್ನು ಒಂದಕ್ಕೆ ಎಳೆದರು.

ಚಹಾ ಆರುವ ಮೊದಲೇ ಆಟ ಗೆದ್ದರು. ಒಂದನೇ ಗ್ರೇಡಿನ ಮಷಿನ್ನನ್ನು ಮೊದಲ ಏಟಿಗೇ ಮಲಗಿಸಿದೆ ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಪುಟ್ಟಿ ಏನೋ ಹೇಳಲು ಬಾಯಿ ತೆರೆದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪ್ಪನ ಮುಖ ನೋಡಿ, ಮತ್ತೆ ಮುಚ್ಚಿದಳು. ಅಡುಗೆಮನೆಯಿಂದ ಇದನ್ನು ಕಂಡ ಸೊಸೆ, ಮಗಳಿಗೆ ಬಿಸ್ಕತ್ತು ಗಂಟಲಿಗೆ ಸಿಕ್ಕಿರಬೇಕು ಎಂದುಕೊಂಡು ಒಂದು ಲೋಟ ನೀರು ಕಳಿಸಿದಳು.

ಕ್ಷೌರದಂಗಡಿಯವನ ಜೊತೆ ಮಾವ ಆಡುತ್ತಿದ್ದಾಗ ವರ್ಷಗಟ್ಟಲೆ ಚಹಾ ಕೊಟ್ಟು ಕೊಟ್ಟು ಸೊಸೆಗೆ ಆಟದ ನಡೆಗಳು ತಾವಾಗಿಯೇ ತಿಳಿದಿದ್ದವು. ಒಂದು ಸಂಜೆ ಅನ್ನಕ್ಕೆ ಇಟ್ಟು ಬಂದವಳು, ಮೇಜಿನ ಪಕ್ಕ ನಿಂತು, ನಾನೂ ಒಂದು ಆಟ ಆಡಲೇ ಎಂದು ಕೇಳಿದಳು. ಮಾವನಿಗೆ ಖುಷಿಯೇ ಆಯಿತು. ಕೈಕೆಳಗೆ ಒಬ್ಬ ಹೆಲ್ಪರ್ ಸಿಕ್ಕಿ ಬಹಳ ಕಾಲವಾಗಿತ್ತು. ಮಣಿಯನ್ನು ಆ ತುದಿಯ ಹತ್ತಕ್ಕೆ ತಳ್ಳಿ, ಕಾನೂನು ಹೇಳಿದರು. ಹತ್ತನೇ ಗ್ರೇಡಿಗೆ ಬಾಣ ಇಲ್ಲ. ಬಲ್ಬು ಇಲ್ಲ. ಬಿಳಿ ಬಾವುಟವೂ ಇಲ್ಲ. ಹೆಲ್ಪರ್ ಆದವನು ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಹೋಗುವ ಹಾಗಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು.

"ನೀವು ಬಾಣ ಒತ್ತುತ್ತೀರಲ್ಲ ಮಾವ?"

"ನಾನು ಒತ್ತೋದು ತಿದ್ದೋಕೆ. ನೀನು ಒತ್ತೋದು ತಪ್ಪು ಮುಚ್ಚೋಕೆ. ಎರಡೂ ಒಂದೇನಾ?"

ಅನ್ನ ಇನ್ನೂ ಗಟ್ಟಿಯಿತ್ತು, ಅವಳ ರಾಜ ಆಗಲೇ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದುಕೊಂಡು, ನೀವು ಸೋತಿದ್ದೀರಿ, ಇನ್ನೊಂದು ಆಟವೇ ಎಂದು ಕೇಳಿತು. ಹೆಲ್ಪರ್ ಗ್ರೇಡಿಗೇ ಹೀಗಾದರೆ ತನ್ನ ಗ್ರೇಡಿಗೆ ಬಂದರೆ ಕುರ್ಚಿಯಲ್ಲಿ ಕೂರಲೂ ಬಿಡುವುದಿಲ್ಲ ಎಂದರು ಮಾವ, ಪ್ರೀತಿಯಿಂದಲೇ.

ಅಂದಿನಿಂದ ಅವಳಿಗೆ ಹತ್ತು ಎಂದೇ ಹೆಸರಾಯಿತು. ಹತ್ತು, ಇನ್ನೊಂದು ಸೌಟು ಬೇಳೆ ಹಾಕು. ಹತ್ತು, ನನ್ನ ಕನ್ನಡಕ ಎಲ್ಲಿಟ್ಟೆ. ಪುಟ್ಟಿ ತಟ್ಟೆಯೊಳಗೆ ಮುಖ ಹಾಕಿ ಉಣ್ಣುತ್ತಿದ್ದಳು. ಗಂಡ ಉಪ್ಪು ಕೇಳುತ್ತಿದ್ದ, ಉಪ್ಪು ಸರಿಯಾಗಿದ್ದಾಗಲೂ. ಮೊದಮೊದಲು ಸೊಸೆಯೂ ನಕ್ಕಳು. ದಿನಾ ಸಂಜೆ ಸೋಲುತ್ತ ಬಂದಂತೆ ನಗು ತೆಳ್ಳಗಾಯಿತು, ಆದರೆ ಆಟ ಬಿಡಲಿಲ್ಲ. ಹತ್ತನೇ ಗ್ರೇಡಿನಲ್ಲೇ ಒಂದು ಆಟ ಗೆಲ್ಲದೆ ಏಳುವುದೆಂದರೆ ಅವಳಿಗೆ ಎಂಜಲು ತಟ್ಟೆ ಬಿಟ್ಟು ಎದ್ದ ಹಾಗೆ.

ಅವಳ ಕೆಲಸ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ, ಬೆಳಗಿನ ಪಾಳಿ. ನೆಲಮಾಳಿಗೆಯ ಆ ಕೋಣೆಯಲ್ಲಿ ಹಬೆ, ಸೋಪಿನ ಘಾಟು, ಉರುಳುತ್ತಲೇ ಇರುವ ದೊಡ್ಡ ಡ್ರಮ್ಮುಗಳ ಸದ್ದು. ವಾರ್ಡುಗಳಿಂದ ಬರುವ ಗಂಟುಗಳನ್ನು ಬಿಚ್ಚುವ ಮೊದಲು ಮೇಲಿನಿಂದ ತಡವಿ ನೋಡಬೇಕು. ಹಾಸಿಗೆಯ ಬಟ್ಟೆಯ ಮಡಿಕೆಯಲ್ಲಿ ಕತ್ತರಿ ಇರುತ್ತದೆ, ಥರ್ಮಾಮೀಟರ್ ಇರುತ್ತದೆ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿ ಇಡೀ ಪಾಳಿ ಅದರ ಯಜಮಾನನನ್ನು ಹುಡುಕಿಕೊಂಡು ವಾರ್ಡು ವಾರ್ಡು ಅಲೆದಿತ್ತು. ತಡವದೆ ಕೈ ಹಾಕಿದವರು ಬೆರಳು ಕೊಯ್ದುಕೊಂಡದ್ದೂ ಉಂಟು.

ಆ ಅಭ್ಯಾಸ ಮೆಲ್ಲಗೆ ಪರದೆಯ ಮುಂದೆಯೂ ಬಂತು. ಮಷಿನ್ನು ಒಂದು ಕಾಲಾಳನ್ನು ಸುಮ್ಮನೆ ಮುಂದಿಟ್ಟರೆ ಅವಳು ಹೊಡೆಯಲು ಹೋಗುತ್ತಿರಲಿಲ್ಲ. ಗಂಟು ತಡವಿದ ಹಾಗೆ, ಒಳಗೆ ಏನಿದೆ, ಎಲ್ಲಿ ಚೂಪು ಎಂದು ನೋಡುತ್ತಿದ್ದಳು. ಪ್ರತಿ ಸಲವೂ ಏನೋ ಇರುತ್ತಿತ್ತು. ಮುಟ್ಟಿದ ಕಾಯಿ ನಡೆಸಲೇಬೇಕಾದ್ದರಿಂದ ಕೈಯನ್ನು ಮಡಿಲಲ್ಲಿ ಕಟ್ಟಿಕೊಂಡು ಯೋಚಿಸುವುದು ರೂಢಿಯಾಯಿತು. ಆಟಗಳು ಉದ್ದವಾದವು. ಅನ್ನ ಬೆಂದು, ಬೇಳೆ ಕುದಿದು, ಒಗ್ಗರಣೆ ಬಿದ್ದ ಮೇಲೂ ಅವಳ ರಾಜ ನಿಂತಿರುತ್ತಿದ್ದ. ಆದರೂ ಕೊನೆಗೆ ಆ ಪೆಟ್ಟಿಗೆ ತೆರೆದುಕೊಂಡೇ ತೆರೆದುಕೊಳ್ಳುತ್ತಿತ್ತು. ಮಾವ ತಮ್ಮ ಸರದಿಗೆ ಕಾಯುತ್ತ, ಇಷ್ಟು ಹೊತ್ತು ತಗೊಂಡು ಸೋಲೋದಕ್ಕಿಂತ ಬೇಗ ಸೋತು ಜಾಗ ಬಿಡಬಾರದಾ ಎನ್ನುತ್ತಿದ್ದರು.

ಹೀಗಿರುವಾಗ ಒಗೆಯುವ ವಿಭಾಗದ ಮುಖ್ಯಸ್ಥೆ ಅವಳನ್ನು ಕರೆದು, ಮಧ್ಯಾಹ್ನದ ಪಾಳಿಗೆ ಮೇಲ್ವಿಚಾರಕಿ ಬೇಕು, ನೀನೇ ಆಗು ಎಂದಳು. ತಿಂಗಳು ಮುಗಿಯುವುದರೊಳಗೆ ಹೇಳಬೇಕು. ಅಲ್ಲಿ ಅಷ್ಟು ವರ್ಷ ಬೇರೆಯವರು ಹೇಳಿದ ಗಂಟು ಬಿಚ್ಚಿದವಳು ಅವಳು. ಅಂದು ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ, ನಿಂತೇ ಬಂದಳು.

ಊಟಕ್ಕೆ ಕೂತಾಗ ವಿಷಯ ಹೇಳಿದಳು. ಮಾವ ಮೊದಲು ಕೇಳಿದ್ದು ರಾತ್ರಿ ಅಡುಗೆ ಯಾರು ಮಾಡುತ್ತಾರೆ ಎಂದು. ಎಲ್ಲರೂ ಸೇರಿ ಮಾಡಬಹುದು ಎಂದಳು. ಎಲ್ಲರೂ ಎಂದರೆ ಯಾರು ಎಂದರು. ಎಲ್ಲರೂ ಎಂದರೆ ಕೈ ಇರುವವರು ಎಂದಳು. ಆಗ ಮಾವ ತಟ್ಟೆಯಿಂದ ತಲೆಯೆತ್ತಿದರು.

"ಹತ್ತನೇ ಗ್ರೇಡು ದಾಟೋಕಾಗಲ್ಲ, ಹತ್ತು ಜನರ ಮೇಲೆ ಮೇಲ್ವಿಚಾರಣೆ ಮಾಡ್ತಾಳಂತೆ."

ಈ ಸಲ ಯಾರೂ ನಗಲಿಲ್ಲ. ಗಂಡ, ಅಪ್ಪ ಹೇಳೋದರಲ್ಲೂ ಅರ್ಥ ಇದೆ, ನೀನು ಹೇಳೋದರಲ್ಲೂ ಇದೆ ಎಂದು ಹೇಳಿ, ಹೊರಗೆ ನಿಲ್ಲಿಸಿದ್ದ ವ್ಯಾನಿಗೆ ಬೀಗ ಹಾಕಿದೆಯೋ ಇಲ್ಲವೋ ನೋಡಿ ಬರಲು ಹೋದ. ಬೇಕರಿಯ ವ್ಯಾನು ಓಡಿಸುವ ಅವನು ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಆ ಬೀಗ ನೋಡಲು ಹೋಗುತ್ತಿದ್ದ. ಅಷ್ಟು ಭದ್ರವಾದ ವ್ಯಾನು ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಗಳು ಒಂದು ವಾರ ಜೋರಾಗಿ ಸದ್ದು ಮಾಡಿದವು. ಮಾವ ಮಾತಿಗೊಮ್ಮೆ ಮೇಲ್ವಿಚಾರಕಿಯವರೇ ಎಂದು ಕರೆದರು. ಸೊಸೆ ಕೇಳಿಯೂ ಕೇಳದಂತೆ ಇದ್ದಳು. ಸಂಜೆಯ ಆಟ ಮಾತ್ರ ತಪ್ಪಿಸಲಿಲ್ಲ.

ಭಾನುವಾರ ಮಧ್ಯಾಹ್ನ ಮಾವ ಆಟವನ್ನು ಅರ್ಧಕ್ಕೆ ಬಿಟ್ಟು ಸ್ನಾನಕ್ಕೆ ಹೋದರು. ಸೊಸೆ ಮೇಜು ಒರೆಸುತ್ತಿದ್ದವಳು ಪರದೆ ನೋಡಿ ಕೈ ನಿಲ್ಲಿಸಿದಳು. ಮಷಿನ್ನು ತನ್ನ ಮಂತ್ರಿಯನ್ನು ತಂದು ಮಾವನ ಕಾಲಾಳಿನ ಬಾಯಿಗೆ ಇಟ್ಟಿತ್ತು. ಕಾವಲಿಗೆ ಯಾರೂ ಇಲ್ಲ. ಒಂದನೇ ಗ್ರೇಡಿನ ಮಷಿನ್ನು ಹೀಗೆ ಮಾಡಬೇಕಾದರೆ ಒಳಗೆ ಏನೋ ಭಾರಿ ಸಂಚು ಇರಬೇಕು ಎಂದು ಅವಳು ಒದ್ದೆ ಬಟ್ಟೆ ಹಿಡಿದೇ ನಿಂತು ಎಲ್ಲ ಕಡೆಯಿಂದ ತಡವಿದಳು. ಚೂಪಾದದ್ದು ಏನೂ ಸಿಗಲಿಲ್ಲ. ಬರೀ ಬಟ್ಟೆ.

ಮಾವ ಟವೆಲ್ಲಿನಿಂದ ಕಿವಿ ಒರೆಸಿಕೊಳ್ಳುತ್ತ ಬಂದು ಕೂತರು. ಮಂತ್ರಿಯನ್ನು ನೋಡಲೇ ಇಲ್ಲ. ಆನೆಯನ್ನು ಒಂದು ಮನೆ ಸರಿಸಿದರು. ಮಷಿನ್ನು ಮಂತ್ರಿಯನ್ನು ಅಲ್ಲೇ ಬಿಟ್ಟು, ಈಗ ಕುದುರೆಯನ್ನೂ ತಂದು ಬಾಯಿಗಿಟ್ಟಿತು. ಮಾವ ಆನೆಯನ್ನು ಸರಿಸಿದ್ದು ತಪ್ಪಾಯಿತೆಂದು ಬಾಣ ಒತ್ತಿ ವಾಪಸ್ಸು ತೆಗೆದರು.

ಸೊಸೆ ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ತಾರಸಿಗೆ ಹೋದಳು. ಪುಟ್ಟಿ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದಳು.

"ಆ ಪಟ್ಟಿಯಲ್ಲಿರೋ ನಂಬರು ಕಾರ್ಖಾನೆ ಲೆಕ್ಕ ಅಲ್ಲ ತಾನೆ?"

ಪುಟ್ಟಿ ಕ್ಲಿಪ್ಪು ಬಾಯಿಂದ ತೆಗೆದಳು. "ಅಲ್ಲಮ್ಮ."

"ಹಾಗಾದ್ರೆ ತಾತ ಆಡ್ತಿರೋದು?"

"ಈಗ ತಾನೆ ಕಲಿಯೋ ಮಕ್ಕಳಿಗೆ ಅಂತ ಇಟ್ಟಿರೋದು."

"ನಾನು?"

"ನಮ್ಮ ಕಾಲೇಜಿನ ಚಾಂಪಿಯನ್ನೇ ಹತ್ತರ ಹತ್ರ ಸೋತ. ನಿನ್ನಷ್ಟು ಹೊತ್ತು ನಿಂತಿರಲಿಲ್ಲ." ಪುಟ್ಟಿ ಅಮ್ಮನ ಮುಖ ನೋಡಲಿಲ್ಲ. "ಅವತ್ತೇ ಹೇಳೋಣ ಅಂತಿದ್ದೆ. ತಾತ ನೊಂದುಕೊಳ್ತಾರೆ, ಸುಮ್ನಿರು ಅಂತ ಅಪ್ಪ ಕಣ್ಣಲ್ಲೇ ಹೇಳಿದ್ರು. ಆಮೇಲೆ ಹೇಳೋಕೆ ಆಗ್ಲಿಲ್ಲ."

ಸೊಸೆ ಒಂದು ಕೈವಸ್ತ್ರಕ್ಕೆ ಆರು ಕ್ಲಿಪ್ಪು ಹಾಕಿ ಕೆಳಗಿಳಿದಳು.

ಗಂಡ ಅಡುಗೆಮನೆಯಲ್ಲಿ ನಿಂತು ಮಾರದೆ ಉಳಿದ ಬ್ರೆಡ್ಡುಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಅವಳು ಬಾಗಿಲು ಮುಂದಕ್ಕೆ ಮಾಡಿ, ಅವನು ಬೀಗ ನೋಡಲು ಹೋಗದಂತೆ ಅದಕ್ಕೇ ಒರಗಿ ನಿಂತಳು. ತನಗೆ ಗೊತ್ತಾಗಿದೆ ಎಂದಳು. ಏನು ಎಂದು ಅವನು ಕೇಳಲಿಲ್ಲ.

"ಒಂದು ಆಟ ತಾನೆ," ಎಂದ. "ಅಪ್ಪಂಗೆ ಇನ್ನೇನಿದೆ ಹೇಳು."

"ಆಟ ನಾನು ಕೇಳ್ತಿಲ್ಲ ರೀ. ದಿನಾ ತಟ್ಟೆ ಮುಂದೆ ನನ್ನ ಹತ್ತು ಅಂತ ಕರೆದಾಗ ನೀವು ಉಪ್ಪು ಕೇಳಿದ್ರಿ."

"ಮನೇಲಿ ನೆಮ್ಮದಿ ಇರಲಿ ಅಂತ."

"ಯಾರ ನೆಮ್ಮದಿ?"

ಅವನು ಬ್ರೆಡ್ಡಿನ ಡಬ್ಬದ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಅಪ್ಪನಿಗೆ ಹೇಳುತ್ತೀಯಾ ಎಂದು ಕೊನೆಗೆ ಕೇಳಿದ. ಅವಳು ಬಾಗಿಲು ಬಿಟ್ಟು ಸರಿದಳು.

ಅಂದು ಸಂಜೆಯೂ ಆಡಿದಳು. ಮಣಿ ಹತ್ತರಲ್ಲೇ ಇತ್ತು. ಅದನ್ನು ಒಂಬತ್ತಕ್ಕೂ ಸರಿಸಲಿಲ್ಲ. ಸೋತಳು. ಆದರೆ ಮಷಿನ್ನಿನ ಕಡೆ ಉಳಿದದ್ದು ರಾಜ, ಒಂದು ಆನೆ, ಒಂದು ಕಾಲಾಳು. ಮಾವ ಹಿಂದೆ ನಿಂತು, ಹೆಲ್ಪರ್ ಗ್ರೇಡಿಗೂ ಇಷ್ಟು ಬೆವರು ಸುರಿಸಬೇಕಾ ಎಂದಾಗ ಆ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಮುದುಕರ ಮುಖ ಬಾಡಿಸಲು ಒಂದು ಮಾತು ಸಾಕಿತ್ತು. ಅಷ್ಟು ಸುಲಭದ ಗೆಲುವೂ ಅವಳಿಗೆ ಬೇಕಿರಲಿಲ್ಲ.

ತಿಂಗಳ ಕೊನೆಯ ವಾರ ಮಾವನೇ ದಾರಿ ತೋರಿಸಿದರು. ಆಲೂಗೆಡ್ಡೆ ಹುರಿದದ್ದು ಅವರಿಗೆ ಇಷ್ಟ. ಅಂದು ಅದೇ ಇತ್ತು, ಎರಡನೇ ಗ್ರೇಡು ಕೊಟ್ಟಿದ್ದರು. ಆ ಹದದಲ್ಲಿ ಹೇಳಿದರು.

"ನೋಡಮ್ಮ, ನಾನೇನು ಹಟಮಾರಿ ಅಲ್ಲ. ನನ್ನ ಗ್ರೇಡಲ್ಲಿ ಒಂದೇ ಒಂದು ಆಟ ಗೆಲ್ಲು. ಆ ಕ್ಷಣ ನಿನ್ನ ಪಾಳಿಗೆ ಹೋಗು. ನಾನೇ ಕುಕ್ಕರಿಡ್ತೀನಿ."

ಗಂಡನ ಮುಖ ಬೆಳಗಿತು. ಪುಟ್ಟಿ ಮೇಜಿನ ಕೆಳಗೆ ಅಮ್ಮನ ಕಾಲು ತುಳಿದಳು. ಇದಕ್ಕಿಂತ ಒಳ್ಳೆಯದು ಯಾರು ಕೇಳಿದರೂ ಸಿಗುತ್ತಿರಲಿಲ್ಲ. ಊಟ ಮುಗಿಯುವುದರೊಳಗೆ ಗೆದ್ದು ಎದ್ದು ಬರಬಹುದು. ಮಾವನ ಮಾನವೂ ಉಳಿಯುತ್ತದೆ, ಕೆಲಸವೂ ಸಿಗುತ್ತದೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಸೊಸೆ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ನಾನು ನಿಮ್ಮ ಗ್ರೇಡಲ್ಲಿ ಆಡಲ್ಲ ಮಾವ."

"ಹೆದರಿಕೆನಾ?"

"ಇಲ್ಲ. ನಾನು ಆಡೋದು ಹತ್ತರಲ್ಲೇ. ಗೆದ್ದರೆ ಅಲ್ಲೇ ಗೆಲ್ತೀನಿ. ಕೆಲಸದ ವಿಷಯ ಬೇರೆ. ಬರ್ತೀನಿ ಅಂತ ಇವತ್ತೇ ಹೇಳಿ ಬಂದಿದ್ದೀನಿ. ಸೋಮವಾರದಿಂದ ಹೋಗ್ತೀನಿ."

"ನನ್ನ ಕೇಳ್ದೆ?"

"ಹೇಳ್ತಾ ಇದ್ದೀನಲ್ಲ ಮಾವ."

ಮಾವ ಕೈ ತೊಳೆದು ಎದ್ದರು. ಅಂದು ಆಲೂಗೆಡ್ಡೆ ಉಳಿಯಿತು. ಪಾತ್ರೆ ತೊಳೆಯುವಾಗ ಗಂಡ ಪಕ್ಕಕ್ಕೆ ಬಂದು, ಒಂದು ಆಟ ಆಡಿಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತಲ್ಲ, ಯಾಕೆ ಇಷ್ಟು ಬಿಗಿ ಎಂದ.

"ಆ ಮಷಿನ್ನು ಬೇಕಂತಲೇ ಮಂತ್ರಿ ಕೊಡುತ್ತೆ ರೀ. ಅದು ಕೊಟ್ಟಿದ್ದನ್ನ ತಗೊಂಡು ಬಂದು, ನಾನು ಗೆದ್ದೆ, ಈಗ ಕೆಲಸಕ್ಕೆ ಹೋಗ್ಲಾ ಅಂತ ಕೇಳ್ಬೇಕಾ? ಹೋಗ್ಬೇಡ ಅನ್ನಿ, ಬೇಕಾದ್ರೆ. ಬೇಡ್ಕೊಂಡು ಹೋಗು ಅನ್ಬೇಡಿ."

ಒದ್ದೆ ತಟ್ಟೆಯೊಂದನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಒರೆಸಿ ಇಟ್ಟ, ಇನ್ನೊಂದಕ್ಕೆ ಕೈ ಚಾಚಿದ.

ಸೋಮವಾರ ಅವಳು ಬೇಳೆ ತೊಳೆದು, ನೀರಿನಲ್ಲಿ ನೆನೆಹಾಕಿ, ಅಕ್ಕಿ ಅಳೆದಿಟ್ಟು ಹೊರಟಳು. ಮಂಗಳವಾರ ಅಳೆದಿಡಲಿಲ್ಲ. ಮನೆಯಲ್ಲಿ ಏನೇನಾಗುತ್ತಿತ್ತು ಎಂಬುದು ಅವಳಿಗೆ ಪಾತ್ರೆಗಳಿಂದ ತಿಳಿಯುತ್ತಿತ್ತು. ಒಂದು ದಿನ ಮುದ್ದೆಯಾದ ಅನ್ನ, ಒಂದು ದಿನ ಬರೀ ಮೊಟ್ಟೆ, ಒಂದು ದಿನ ಬ್ರೆಡ್ಡು. ಗಂಡನ ಬೆರಳಿಗೆ ಪಟ್ಟಿ. ಮಾವ ಮಾತು ಬಿಟ್ಟಿದ್ದರು. ಹತ್ತು ಎಂದೂ ಕರೆಯುತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ, ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಅವಳೂ ಮಾತಾಡಿಸಲು ಹೋಗಲಿಲ್ಲ. ಹೊಸ ಕೆಲಸದಲ್ಲಿ ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು. ಗಂಟು ತಡವದೆ ಬಿಚ್ಚುವ ಹೊಸ ಹುಡುಗಿಯರಿಗೆ ದಿನವೆಲ್ಲ ಅದನ್ನೇ ಹೇಳಬೇಕಿತ್ತು.

ಎರಡನೇ ವಾರದಲ್ಲಿ ಒಂದು ದಿನ ಬಂದಾಗ ಬೀದಿಯಲ್ಲೇ ಸೀದ ವಾಸನೆ. ಒಳಗೆ ದೀಪ ಉರಿಯುತ್ತಿತ್ತು. ಗಂಡ ಅಡುಗೆಮನೆಯಲ್ಲಿ ಬೇಳೆಯ ಪಾತ್ರೆಯ ತಳ ಉಜ್ಜುತ್ತಿದ್ದ. ಪುಟ್ಟಿ ಪುಸ್ತಕ ಹಿಡಿದು ಕೂತಿದ್ದಳು, ಹಾಳೆ ತಿರುವುತ್ತಿರಲಿಲ್ಲ. ಮಾವ ಕಂಪ್ಯೂಟರಿನ ಮುಂದೆ ಇದ್ದರು. ಅವಳು ಚಪ್ಪಲಿ ಬಿಟ್ಟು, ಚೀಲ ಹೆಗಲಲ್ಲೇ ಇರಿಸಿಕೊಂಡು ಹತ್ತಿರ ಹೋದಳು.

ಮಣಿ ಆ ತುದಿಯಲ್ಲಿತ್ತು. ಹತ್ತು.

ಬೇಳೆ ಕರಟಿಸಿದ್ದಕ್ಕೆ ಮಗ ಏನೋ ಅಂದಿದ್ದ. ಅದಕ್ಕೆ ಮಾವ ರೇಗಿ, ಮನಸ್ಸಿಗೊಂದು ಸುಲಭದ ಗೆಲುವು ಬೇಕೆನಿಸಿ, ಸೊಸೆಯ ಹೆಲ್ಪರ್ ಗ್ರೇಡಿನ ಮಷಿನ್ನನ್ನು ನಾಲ್ಕು ಏಟು ಬಡಿದು ಏಳೋಣ ಎಂದು ಕೂತಿದ್ದರಂತೆ. ಇದು ಅವಳಿಗೆ ಆಮೇಲೆ ಪುಟ್ಟಿಯಿಂದ ತಿಳಿದದ್ದು. ಈಗ ಪರದೆಯ ಮೇಲೆ ಕಾಣುತ್ತಿದ್ದದ್ದು ಮಾವನ ರಾಜ, ಒಂದು ಕುದುರೆ, ದಿಕ್ಕು ತಪ್ಪಿದ ಮೂರು ಕಾಲಾಳು. ಎದುರಿನ ಸೈನ್ಯ ಹೆಚ್ಚುಕಡಿಮೆ ಹಾಗೇ ಇತ್ತು.

"ಮಷಿನ್ ಕೆಟ್ಟಿದೆ," ಎಂದರು ಮಾವ, ತಿರುಗದೆ.

"ಇಲ್ಲ ಮಾವ."

ಅಡುಗೆಮನೆಯಲ್ಲಿ ಉಜ್ಜುವ ಸದ್ದು ನಿಂತಿತು.

"ಯಾವತ್ತಿಂದ ಹೀಗಾಡ್ತಿದೆ ಇದು?"

"ಮೊದಲಿಂದಲೂ."

ಮಾವ ಪಟ್ಟಿಯ ಈ ತುದಿ ನೋಡಿದರು, ಆ ತುದಿ ನೋಡಿದರು. ಕಬ್ಬಿಣದ ತುಂಡಿನ ಅಳತೆ ತಪ್ಪಿದಾಗ ಹೀಗೇ ನೋಡುತ್ತಿದ್ದರೇನೋ.

"ಇವರಿಗೆಲ್ಲ ಗೊತ್ತಿತ್ತಾ?"

ಪುಟ್ಟಿ ಪುಸ್ತಕವನ್ನು ಇನ್ನಷ್ಟು ಮೇಲೆತ್ತಿದಳು. ಸೊಸೆ ತಾನು ಉತ್ತರಿಸಬಾರದು ಎಂದುಕೊಂಡಳು. ಅದು ಅವಳು ಹೇಳಬೇಕಾದ ಮಾತಾಗಿರಲಿಲ್ಲ. ಕಾದಳು. ಕೊನೆಗೆ ಗಂಡ ಸೋಪಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತ.

"ಗೊತ್ತಿತ್ತಪ್ಪ," ಎಂದ. ಬೀಗ ನೋಡಲು ಹೋಗಲಿಲ್ಲ.

ಮಾವ ತಲೆಯಾಡಿಸಿದರು, ಯಾರಿಗೂ ಅಲ್ಲ. ಅವರ ಕೈ ಮೌಸಿನ ಮೇಲೆ ಸರಿಯಿತು. ಪರದೆಯ ಮೇಲಿನ ಸಣ್ಣ ಬಿಳಿ ಕೈ ಕುದುರೆಯ ಮೇಲೆ ಹೋಗಿ ಒತ್ತಿತು. ಕುದುರೆಯ ಸುತ್ತ ಹಸಿರು ಗೆರೆ ಮೂಡಿತು. ಅದು ಹಾರಬಹುದಾದ ಮನೆಗಳಲ್ಲೆಲ್ಲ ಸಾವೇ ಕಂಡು, ಕೈ ಅಲ್ಲಿಂದ ಹಿಂದಕ್ಕೆ, ಬಲಗಡೆಯ ಗುಂಡಿಗಳ ಕಡೆ ನಡೆಯಿತು. ಬಾಣದ ಮೇಲೆ ನಿಂತಿತು.

"ಹತ್ತರಲ್ಲಿ ಬಾಣ ಇಲ್ಲ ಮಾವ," ಎಂದಳು ಸೊಸೆ.

ಕೈ ಬಾವುಟದ ಕಡೆ ಸರಿಯಿತು.

"ಅದೂ ಇಲ್ಲ."

ಮಾವ ಆಗ ತಿರುಗಿ ಅವಳನ್ನು ನೋಡಿದರು. ಅವಳು ನೋಟ ತಗ್ಗಿಸಲಿಲ್ಲ. ಚೀಲ ಇಳಿಸಿ, ಅಡುಗೆಮನೆಗೆ ಹೋಗಿ, ತಳ ಹಿಡಿದ ಬೇಳೆಯಲ್ಲಿ ಬೇರೆ ಪಾತ್ರೆಗೆ ತೆಗೆದಿಟ್ಟಿದ್ದ ಮೇಲಿನದನ್ನು ಬಡಿಸಿಕೊಂಡು, ತಟ್ಟೆ ಹಿಡಿದು ಬಂದು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸೀದಿತ್ತು. ಹಸಿದಿದ್ದಳು, ತಿಂದಳು.

"ಈ ಕುದುರೆ..." ಎಂದರು ಮಾವ. ಇಷ್ಟು ವರ್ಷದಲ್ಲಿ ಅವರು ಅವಳ ಸಲಹೆ ಕೇಳಿದವರಲ್ಲ. "ಈ ಕುದುರೆ ಇಲ್ಲೇ ಇರಲಾ, ನಡೆಸ್ಲಾ?"

ಅವಳು ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ಮುಟ್ಟಿ ಆಗಿದೆಯಲ್ಲ ಮಾವ," ಎಂದಳು. "ನಡೆಸ್ಲೇಬೇಕು."